ಕ್ಯಾಟಲಿಸ್ಟ್ ಪುಡಿಯ ಹೊಸ ದರದ ಬಗ್ಗೆ ನಮ್ಮ ಗ್ರಾಹಕರಿಗೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಈ ತಿಂಗಳಿಂದ ನಿಮಗೆ ಬರುತ್ತಿರುವ ಬಯೋಡೀಸೆಲ್ ಕ್ಯಾಟಲಿಸ್ಟ್, ಅಂದರೆ ಎಣ್ಣೆ ಬೇಗ ಬಯೋಡೀಸೆಲ್ ಆಗುವಂತೆ ಮಾಡುವ ಸೋಡಿಯಂ ಸಿಲಿಕೇಟ್ ಪುಡಿ, ಪೂರ್ತಿಯಾಗಿ ಭತ್ತದ ಹೊಟ್ಟಿನ ಬೂದಿಯಿಂದ ತಯಾರಾದದ್ದು. ಪೇಟೆಯ ಸೋಡಿಯಂ ಸಿಲಿಕೇಟ್ ತರಿಸಿ ಒಣಗಿಸಿ ಕೊಡುವುದನ್ನು ನಿಲ್ಲಿಸಿದ್ದೇವೆ. ದರ ಕೆಜಿಗೆ 40 ರೂಪಾಯಿ ಏರಿದೆ. ಎಲ್ಲವೂ ತುಟ್ಟಿಯಾಗಿರುವಾಗ ನಾವೂ ಏರಿಸಬೇಕಾಯಿತಲ್ಲ ಎಂಬ ಬೇಸರ ನಮಗೂ ಇದೆ, ಕ್ಷಮೆ ಇರಲಿ. ಪುಡಿಯ ವಿಷಯದಲ್ಲಿ ಮಾತ್ರ ತಲೆ ತಗ್ಗಿಸುವಂಥದ್ದು ಏನೂ ಇಲ್ಲ.

ಫೋನ್ ಎತ್ತಿದರೆ ಒಂದೇ ಮಾತು: "ಬೂದಿಗೇನ್ರೀ ದುಡ್ಡು? ಗಂಗಾವತಿ, ಕಾರಟಗಿ ಕಡೆ ಮಿಲ್ಲುಗಳ ಹಿಂದೆ ಗುಡ್ಡಗುಡ್ಡ ಬಿದ್ದಿರುತ್ತಲ್ಲ!" ಒಬ್ಬರಂತೂ ಬೂದಿ ಮಾರಿ ಬಂಗಲೆ ಕಟ್ಟಿಸುತ್ತಿದ್ದೀರಿ ಎಂದೇ ಬಿಟ್ಟರು. ಈ ಮಾತಿಗೆ ಉತ್ತರ ಕೊಡಲೇಬೇಕು.

ಗುಡ್ಡ ಬೀಳುವುದು ನಿಜ. 100 ಕೆಜಿ ಭತ್ತಕ್ಕೆ ಸುಮಾರು 20 ಕೆಜಿ ಹೊಟ್ಟು, ಅದು ಉರಿದರೆ ಸುಮಾರು 4 ಕೆಜಿ ಬೂದಿ. ಆದರೆ ಈಗ ಆ ಬೂದಿಗೆ ಸಿಮೆಂಟಿನವರು, ಇಟ್ಟಿಗೆಯವರು, ಉಕ್ಕಿನ ಕಾರ್ಖಾನೆಯವರು ಎಲ್ಲರೂ ಗಿರಾಕಿಗಳೇ. ನಮಗೆ ಮಾತು ಕೊಟ್ಟಿದ್ದ ಒಂದು ಮಿಲ್ಲು ಎರಡು ರೂಪಾಯಿ ಹೆಚ್ಚು ಸಿಕ್ಕಿತೆಂದು ಲೋಡನ್ನು ಬೇರೆಯವರಿಗೆ ಎತ್ತಿಸಿತು. ಬೂದಿ ಹಗುರ ಬೇರೆ. ಲಾರಿ ತುಂಬಿದಂತೆ ಕಾಣುತ್ತದೆ, ತೂಕ ಮಾತ್ರ ಬರುವುದಿಲ್ಲ, ಬಾಡಿಗೆ ಪೂರ್ತಿ ಕೊಡಬೇಕು.

ತಂದ ಬೂದಿಯನ್ನು ಹಾಗೇ ಬಳಸಲೂ ಆಗದು. ಬಾಯ್ಲರಿನಿಂದ ಬರುವ ಬೂದಿಯಲ್ಲಿ ಉರಿಯದ ಇಂಗಾಲ ಉಳಿದಿರುತ್ತದೆ. ಅದನ್ನು ನಮ್ಮ ಭಟ್ಟಿಯಲ್ಲಿ ಮತ್ತೆ ಸುಡುತ್ತೇವೆ, ಶಾಖ 700 ಡಿಗ್ರಿ ದಾಟದಂತೆ ಒಬ್ಬರು ಕಾಯುತ್ತಲೇ ಇರಬೇಕು. ಅವಸರ ಮಾಡಿ ಉರಿ ಏರಿಸಿದರೆ ಬೂದಿಯಲ್ಲಿರುವ ಸಿಲಿಕಾ (ಮರಳಿನಲ್ಲಿರುವ ವಸ್ತುವೇ) ಹರಳುಗಟ್ಟುತ್ತದೆ. ಅಂಥ ಬೂದಿ ಕಾಸ್ಟಿಕ್ ಸೋಡಾ ನೀರಿನಲ್ಲಿ ಎಷ್ಟು ಕುದಿಸಿದರೂ ಸರಿಯಾಗಿ ಕರಗದೆ ತಳದಲ್ಲಿ ಕೂರುತ್ತದೆ, ಕಾಸ್ಟಿಕ್ಕೂ ದಂಡ, ಕರೆಂಟೂ ದಂಡ. ಒಳ್ಳೆಯ ಬೂದಿ ಕುದಿದ ಮೇಲೆ ಸೋಸಿದರೆ ಬಟ್ಟೆಯ ಮೇಲೆ ಕಾಡಿಗೆಯಂಥ ಕಪ್ಪು ರಾಡಿ ನಿಂತು, ಕೆಳಗೆ ತಿಳಿಯಾದ ಸಿಲಿಕೇಟ್ ಇಳಿಯುತ್ತದೆ. ಆಮೇಲೆ ಒಣಗಿಸುವುದು, ಕಾಯಿಸುವುದು, ಅರೆಯುವುದು. ನೀವು ದುಡ್ಡು ಕೊಡುತ್ತಿರುವುದು ಈ ಕೆಲಸಕ್ಕೆ.

ಪೇಟೆಯ ಸಿಲಿಕೇಟ್ ಮಾಡುವವರು ಮರಳನ್ನು ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್) ಜೊತೆ 1,300 ಡಿಗ್ರಿ ಆಸುಪಾಸಿನಲ್ಲಿ ಕರಗಿಸಬೇಕು. ನಮ್ಮ ಬೂದಿ 100 ಡಿಗ್ರಿಯ ಕುದಿತದಲ್ಲೇ ಕರಗುತ್ತದೆ. ಹಾಗಾದರೆ ಅಗ್ಗವಾಗಬೇಕಲ್ಲ ಎನ್ನಬಹುದು. ಅವರು ಟನ್ನುಗಟ್ಟಲೆ ಇಳಿಸುತ್ತಾರೆ, ನಾವು ಹಂಡೆಗಳ ಲೆಕ್ಕದಲ್ಲಿ. ಆದರೂ ನಮ್ಮ ಸೀಮೆಯ ಗದ್ದೆಯದೇ ಸಿಲಿಕಾ ನಿಮ್ಮ ರಿಯಾಕ್ಟರಿಗೆ ಬರುತ್ತಿದೆ ಎಂಬುದು ನಮಗೆ ದೊಡ್ಡ ಹೆಮ್ಮೆ.

ಪುಡಿ ತುಸು ಬೂದುಬಣ್ಣಕ್ಕಿದೆ. ಅದು ಉಳಿದ ಚೂರು ಇಂಗಾಲ, ಕೆಲಸಕ್ಕೆ ಅಡ್ಡಿಯಿಲ್ಲ. ಮೊದಲಿನಂತೆಯೇ ಸೋಸಿ ತೆಗೆಯಬಹುದು, ಪುಡಿಯ ಬದಲು ಕಾಸ್ಟಿಕ್ ಕರಗಿಸಿ ಹಾಕಿದಾಗಿನಷ್ಟು ನೀರು ಸುರಿದು ಬಯೋಡೀಸೆಲ್ ತೊಳೆಯಬೇಕಿಲ್ಲ, ಜೊತೆಗೆ ಬರುವ ಗ್ಲಿಸರಿನ್ ಕೂಡ ಚೊಕ್ಕ. ಸೋಸಿದ ಪುಡಿಯನ್ನು ಮತ್ತೆ ಬಳಸುವವರು ತೊಳೆದು ಕಾಯಿಸಿ ಬಳಸಿ. ಪ್ರತಿ ಸಲ ಸ್ವಲ್ಪ ಸೋಡಿಯಂ ಬಿಟ್ಟುಹೋಗುವುದರಿಂದ ಹೊಸದರಷ್ಟು ಚುರುಕು ಇರುವುದಿಲ್ಲ. ಹೊಂಗೆ ಎಣ್ಣೆಯವರಿಗೆ ಒಂದು ಮಾತು: ಎಣ್ಣೆಯಲ್ಲಿ ಆಮ್ಲ ಜಾಸ್ತಿ ಇದ್ದರೆ ಮೊದಲು ಅದನ್ನು ಇಳಿಸಿಕೊಳ್ಳಿ. ಇಲ್ಲವಾದರೆ ಮರಳಿನ ಪುಡಿಯಾದರೂ ಬೂದಿಯ ಪುಡಿಯಾದರೂ ಸಾಬೂನೇ ಆಗುವುದು.

ತೆರೆದಿಟ್ಟ ಪುಡಿ ಗಾಳಿಯ ತೇವ ಹೀರಿ ಸಪ್ಪೆಯಾಗುತ್ತದೆ. ಅದಕ್ಕೇ ಇನ್ನು ಮುಂದೆ ಅರ್ಧ ಕೆಜಿ ಪ್ಯಾಕೆಟ್ಟುಗಳೂ ಸಿಗುತ್ತವೆ. ಬ್ಯಾಚ್ ಕೈಕೊಟ್ಟರೆ ನಿಮ್ಮ ಎಣ್ಣೆ ಒಂದು ಲೀಟರ್, ಉಳಿದ ಪುಡಿ ಎರಡನ್ನೂ ಕಳಿಸಿ. ನಾವೇ ಇಲ್ಲಿ ಓಡಿಸಿ ನೋಡಿ ಫೋನ್ ಮಾಡುತ್ತೇವೆ. ತಪ್ಪು ಪುಡಿಯದ್ದಾದರೆ ಬದಲಿ ಪುಡಿ ನಮ್ಮ ಖರ್ಚಿನಲ್ಲೇ ಬರುತ್ತದೆ. ಹಳೆಯ ದರದಲ್ಲಿ ಮುಂಗಡ ಕೊಟ್ಟವರಿಗೆ ಹಳೆಯ ದರವೇ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ