ಕರೆಂಟ್ ಬಂದರೂ ಏಳದ ಸರ್ವರ್

ಸಂಪಾದಕರಿಗೆ,

ಮಳೆಗಾಲದಲ್ಲಿ ಸಹಕಾರ ಸಂಘ, ಶಾಲೆ, ಸಣ್ಣ ಆಸ್ಪತ್ರೆಗಳಲ್ಲಿ ಕರೆಂಟ್ ಬಂದು ಗಂಟೆಯಾದರೂ ‘ಸರ್ವರ್ (ಎಲ್ಲರ ಕಡತ, ಲೆಕ್ಕಗಳಿರುವ ಮುಖ್ಯ ಕಂಪ್ಯೂಟರ್) ಆನ್ ಆಗಿಲ್ಲ, ಕಂಪ್ಯೂಟರಿನವರು ಬರಬೇಕು’ ಎಂಬ ಉತ್ತರ ಸಿಗುವುದುಂಟು. ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಸುವ ಯುಪಿಎಸ್ ಇದ್ದೂ ಹೀಗಾದರೆ ತಪ್ಪು ಹೆಚ್ಚಾಗಿ ಸೆಟ್ಟಿಂಗಿನದು.

ಯುಪಿಎಸ್ ಜತೆ ಬರುವ ಯುಎಸ್‌ಬಿ ಕೇಬಲ್ ಎಷ್ಟೋ ಕಡೆ ಡಬ್ಬದಲ್ಲೇ ಉಳಿದಿರುತ್ತದೆ. ಅದನ್ನು ಸರ್ವರ್‌ಗೆ ಜೋಡಿಸಿ, ‘ನಟ್’ ಅಥವಾ ‘ಎಪಿಸಿಯುಪಿಎಸ್‌ಡಿ’ಯಂಥ ಉಚಿತ ತಂತ್ರಾಂಶ ಹಾಕಿದರೆ ಮಾತ್ರ ಕರೆಂಟ್ ಹೋದದ್ದು, ಬ್ಯಾಟರಿ ಎಷ್ಟು ಉಳಿದಿದೆಯೆಂಬುದು ಸರ್ವರ್‌ಗೆ ಗೊತ್ತಾಗಿ, ಅದು ಕ್ರಮವಾಗಿ ಆಫ್ ಆಗುತ್ತದೆ. ಇಲ್ಲದಿದ್ದರೆ ಕರೆಂಟ್ ಹತ್ತು ನಿಮಿಷ ತಡವಾಗಿ ಹೋದಂತೆ, ಅಷ್ಟೇ. ಮನೆಯ ಇನ್ವರ್ಟರ್‌ಗಂತೂ ಎಷ್ಟೇ ದೊಡ್ಡ ಬ್ಯಾಟರಿ ಇದ್ದರೂ ಸಾಮಾನ್ಯವಾಗಿ ಈ ಸುದ್ದಿ ಹೇಳಲು ಬಾಯಿಲ್ಲ.

ಸರ್ವರ್ ಆಫ್ ಮಾಡಲು ಎಪಿಸಿಯುಪಿಎಸ್‌ಡಿ ತಾನಾಗಿ ಇಟ್ಟುಕೊಂಡಿರುವ ಮಿತಿ, ಬ್ಯಾಟರಿಯಲ್ಲಿ ಶೇ 5 ಚಾರ್ಜ್ ಅಥವಾ 3 ನಿಮಿಷದ ಓಟ ಉಳಿದಾಗ. ಡೇಟಾಬೇಸ್, ವರ್ಚುವಲ್ ಮಷಿನ್‌ಗಳಿರುವ (ಒಂದರೊಳಗೇ ಹಲವು ಕಂಪ್ಯೂಟರ್‌ಗಳಂತೆ ನಡೆಯುವ) ಸರ್ವರ್‌ಗೆ ಇದು ಸಾಲದು. ಹಳೆಯ ಬ್ಯಾಟರಿ ಶೇ 30 ತೋರಿಸುತ್ತಲೇ ಕುಸಿದುಬಿಡಬಹುದು. ಮಿತಿಯನ್ನು ಶೇ 50ಕ್ಕೆ ಏರಿಸಿ. ಸರ್ವರ್ ಆಫ್ ಆಗಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿ, ಅದರ ಎರಡರಷ್ಟು ಸಮಯ ಕೊಡಿ. ಒಂದೇ ಯುಪಿಎಸ್‌ಗೆ ಹಲವು ಸರ್ವರ್‌ಗಳಿದ್ದರೆ ಕೇಬಲ್ ಇರುವ ಸರ್ವರ್ ಉಳಿದವಕ್ಕೆ ನೆಟ್‌ವರ್ಕ್ ಮೂಲಕ ಹೇಳಿ, ತಾನು ಕೊನೆಗೆ ಆಫ್ ಆಗುತ್ತದೆ. ನಟ್‌ನಲ್ಲಿ ಹೀಗೆ ಕಾಯುವುದು ಮೊದಲಿಗೆ 15 ಸೆಕೆಂಡ್ ಮಾತ್ರ, ಹೆಚ್ಚಿಸಬೇಕು. ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್‌ಗೂ ಯುಪಿಎಸ್ ಕರೆಂಟ್ ಇರಬೇಕು. ಸ್ವಿಚ್ ಸತ್ತರೆ ಸುದ್ದಿ ತಲುಪುವುದೇ ಇಲ್ಲ.

ಇನ್ನು ಮತ್ತೆ ಏಳುವ ಮಾತು. ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ಮೂಲ ತಂತ್ರಾಂಶವಾದ ಬಯಾಸ್‌ನಲ್ಲಿ, ಕರೆಂಟ್ ಮರಳಿದಾಗ ಏನು ಮಾಡಬೇಕೆಂಬ ಆಯ್ಕೆ ಇರುತ್ತದೆ. ಅಲ್ಲಿ ‘ಲಾಸ್ಟ್ ಸ್ಟೇಟ್’ (ಕೊನೆಯ ಸ್ಥಿತಿ) ಇಟ್ಟಿರುವುದುಂಟು. ಸರ್ವರ್ ಕ್ರಮವಾಗಿ ಆಫ್ ಆಗಿದ್ದರೆ ಅದರ ಕೊನೆಯ ಸ್ಥಿತಿ ‘ಆಫ್’ ತಾನೇ? ಹಾಗಾಗಿ ಆಫ್ ಆಗಿಯೇ ಉಳಿಯುತ್ತದೆ. ‘ಪವರ್ ಆನ್’ ಆರಿಸಬೇಕು.

ಅದೂ ಸಾಲದು. ಸರ್ವರ್ ಆಫ್ ಆಗುತ್ತಿರುವಾಗಲೇ ಕರೆಂಟ್ ಬಂದಿತೆನ್ನಿ. ಯುಪಿಎಸ್ ಔಟ್‌ಪುಟ್ (ಅದು ಸರ್ವರ್‌ಗೆ ಕೊಡುವ ಕರೆಂಟ್) ಒಮ್ಮೆಯೂ ಕಡಿಯಲಿಲ್ಲ. ಬಯಾಸ್ ಪಾಲಿಗೆ ಕರೆಂಟ್ ಹೋಗಲೇ ಇಲ್ಲ, ಎದ್ದೇಳಲು ಕಾರಣವೂ ಇಲ್ಲ. ಆದ್ದರಿಂದ ಆಫ್ ಆಗುವ ಕೊನೆಯ ಗಳಿಗೆಯಲ್ಲಿ ಸರ್ವರ್ ಯುಪಿಎಸ್‌ಗೆ ‘ಔಟ್‌ಪುಟ್ ಕಡಿದು, ಮತ್ತೆ ಕೊಡು’ ಎಂದು ಹೇಳುವಂತೆ ಮಾಡಬೇಕು. ನಟ್‌ನ ಯುಎಸ್‌ಬಿ ಡ್ರೈವರ್‌ನಲ್ಲಿ (ಯುಪಿಎಸ್ ಜತೆ ಮಾತಾಡುವ ಭಾಗ) ಮೊದಲಿಗೆ ಕಡಿಯಲು 20, ಮತ್ತೆ ಕೊಡಲು 30 ಸೆಕೆಂಡ್ ಇರುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚೇ ಇರಲಿ.

ನಮ್ಮಲ್ಲಿ ಕರೆಂಟ್ ಬಂದು ಐದೇ ನಿಮಿಷಕ್ಕೆ ಮತ್ತೆ ಹೋಗುವುದು ಹೊಸದಲ್ಲ. ಬರಿದಾದ ಬ್ಯಾಟರಿಯಲ್ಲಿ ಮತ್ತೆ ಆನ್ ಆಗುತ್ತಿರುವ ಸರ್ವರ್ ಆಗ ನಡುದಾರಿಯಲ್ಲಿ ಬೀಳುತ್ತದೆ. ಇಂತಿಷ್ಟು ಚಾರ್ಜ್ ಆಗುವವರೆಗೆ ಔಟ್‌ಪುಟ್ ಕೊಡಬೇಡವೆನ್ನುವ ಸೌಲಭ್ಯ ನಿಮ್ಮ ಯುಪಿಎಸ್‌ನಲ್ಲಿದ್ದರೆ ಬಳಸಿ.

ಮೂರು ತಿಂಗಳಿಗೊಮ್ಮೆ ರಜಾದಿನ, ಮೊದಲು ಬ್ಯಾಕಪ್ (ಮಾಹಿತಿಯ ಪ್ರತಿ) ತೆಗೆದುಕೊಂಡು, ಇದನ್ನೆಲ್ಲ ಪರೀಕ್ಷಿಸಿ. ಪ್ಲಗ್ ಕೀಳಬೇಡಿ, ಅರ್ತಿಂಗ್ ಕೂಡ ಹೋಗುತ್ತದೆ. ಗೋಡೆಯ ಸ್ವಿಚ್ ಆಫ್ ಮಾಡಿ. ಸರ್ವರ್ ಆಫ್ ಆಗುತ್ತಿರುವಾಗಲೇ ಸ್ವಿಚ್ ಹಾಕಿ, ಯಾರೂ ಮುಟ್ಟದೆ ತಾನಾಗಿ ಏಳುತ್ತದೆಯೇ ನೋಡಿ.

– ಓದುಗ, ಶಿವಮೊಗ್ಗ