ಡಾಕರ್‌ಗೆ ಫೈಲ್ ಕಾಣದಿದ್ದರೆ

ಸಂಪಾದಕರೇ,

ಮಂಗಳೂರು, ಮಣಿಪಾಲದ ಕಡೆ ಈಗ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲೂ ಡಾಕರ್ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ್ದನ್ನೆಲ್ಲ ಒಂದೇ ಕಟ್ಟು ಮಾಡಿ ಓಡಿಸುವ ಸಾಫ್ಟ್‌ವೇರ್) ಬಂದಿದೆ. ಒಳ್ಳೆಯದೇ. ಆದರೆ ಇಮೇಜ್, ಅಂದರೆ ಆ ಕಟ್ಟನ್ನು, ಬಿಲ್ಡ್ ಮಾಡುವಾಗ 'ಫೈಲ್ ಸಿಗಲಿಲ್ಲ' ಅಂತ ಬಂದ ಕೂಡಲೇ ಜಾಸ್ತಿ ಜನ ಡಾಕರನ್ನೇ ಅಳಿಸಿ ಮತ್ತೆ ಹಾಕಲು ಹೊರಡುತ್ತಾರೆ, ಅದರಿಂದ ಏನೂ ಆಗುವುದಿಲ್ಲ. ನಿಮ್ಮ ಪತ್ರಿಕೆಯಲ್ಲಿ ಹೊಸ ಮೊಬೈಲುಗಳ ಜೊತೆ ಇಂಥದ್ದೂ ಸ್ವಲ್ಪ ಬರಲಿ.

ಬಿಲ್ಡ್ ಕಮಾಂಡಿನ ಕೊನೆಗೆ ಒಂದು ಚುಕ್ಕಿ ಇರುತ್ತದಲ್ವಾ, ಅದು ಸುಮ್ನೆ ಅಲ್ಲ. ನೀವು ಈಗ ಇರುವ ಫೋಲ್ಡರಿನ ಒಳಗಿನದ್ದು ಮಾತ್ರ ಡಾಕರ್‌ಗೆ ಕಾಣುತ್ತದೆ ಎಂದು ಅರ್ಥ. ಇಮೇಜ್ ಹೇಗೆ ಕಟ್ಟಬೇಕೆಂದು ಬರೆದಿಡುವ ಡಾಕರ್‌ಫೈಲಿನಲ್ಲಿ ಫೈಲನ್ನು ಒಳಗೆ ತರುವ ಕಾಪಿ (COPY) ಸಾಲಿನ ದಾರಿ ಶುರುವಾಗುವುದೂ ಅಲ್ಲಿಂದಲೇ, ಡಾಕರ್‌ಫೈಲ್ ಇರುವ ಜಾಗದಿಂದಲ್ಲ. ಎರಡು ಚುಕ್ಕಿ ಹಾಕಿ ಮೇಲಿನ ಫೋಲ್ಡರಿಗೆ ಹತ್ತಲು ಬಿಡುವುದಿಲ್ಲ. ಫೈಲ್ ಅಲ್ಲಿದ್ದರೆ ಮೇಲಿನ ಫೋಲ್ಡರಿನಿಂದಲೇ ಬಿಲ್ಡ್ ಮಾಡಿ, ಡಾಕರ್‌ಫೈಲ್ ಎಲ್ಲಿದೆ ಅಂತ ಮೈನಸ್ ಎಫ್ (-f) ಹಾಕಿ ಹೇಳಿ.

ಆಮೇಲೆ, ಬಿಲ್ಡಿಗೆ ಯಾವುದು ಬೇಡವೆಂದು ಪಟ್ಟಿ ಮಾಡುವ ಫೈಲ್ ಡಾಕರ್‌ಇಗ್ನೋರ್ ತೆರೆಯಿರಿ. ಬೇರೆ ಪ್ರಾಜೆಕ್ಟಿನಿಂದ ಎತ್ತಿ ಹಾಕಿರುತ್ತಾರೆ, ಅದರಲ್ಲಿ ಡಿಸ್ಟ್ (dist) ಅಂತ ಒಂದು ಸಾಲಿದ್ದರೆ ಸಾಕು, ನಿಮಗೆ ಬೇಕಾದ ಆ ಹೆಸರಿನ ಫೋಲ್ಡರೇ ಮಾಯ! ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಓಡಿದ್ದು ಲಿನಕ್ಸ್ ಸರ್ವರಿನಲ್ಲಿ ನಿಂತರೆ ಫೈಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ನೋಡಿ. ಬಿಲ್ಡ್ ಸರಿಯಾಗಿ ಮುಗಿದು, ಆಮೇಲೆ ಓಡಿಸುವಾಗ ಮಾತ್ರ ಫೈಲ್ ಕಾಣೆಯಾದರೆ, ಅದೇ ಜಾಗಕ್ಕೆ ಮೌಂಟ್ ಮಾಡಿದ, ಅಂದರೆ ಹೊರಗಿನಿಂದ ತಂದು ಜೋಡಿಸಿದ, ಫೋಲ್ಡರ್ ಅದನ್ನು ಮುಚ್ಚಿರಬಹುದು.

– ಓದುಗ, ಸುರತ್ಕಲ್