ಹೊಸಬನ ಕೈಗೆ ಬಾವುಟ ಬೇಡ

ಮಾನ್ಯ ಸಂಪಾದಕರೇ,

ರಸ್ತೆಗೆ ಬಿಳಿ, ಹಳದಿ ಪಟ್ಟೆ ಎಳೆಯುವ ತಂಡಕ್ಕೆ ಸೇರಿ ನನಗೆ ಮೂರು ತಿಂಗಳಾಯಿತು. ‘ಬಣ್ಣ ಬಳಿಯುವುದರಲ್ಲಿ ಕಲಿಯುವುದೇನಿದೆ?’ ಎಂದು ನೆಂಟರೆಲ್ಲ ಕೇಳಿಯಾಗಿದೆ. ನಾವು ಹಾಕುವುದು ಹೆಚ್ಚಾಗಿ ಬಣ್ಣವೇ ಅಲ್ಲ. ಅದು ಮೂಟೆಯಲ್ಲಿ ಬರುವ ಥರ್ಮೋಪ್ಲಾಸ್ಟಿಕ್ ಪುಡಿ. ಬಾಯ್ಲರಿನಲ್ಲಿ 180ರಿಂದ 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ದೋಸೆ ಹಿಟ್ಟಿನಂತೆ ಹರಿಯುತ್ತದೆ. ಕಾವು ಮಿತಿಮೀರಿದರೆ ಬಿಳುಪು ಕಂದುತ್ತದೆ.

ಕಲಿಯುವುದು ಬೇಕಾದಷ್ಟಿದೆ. ಗುಡಿಸಿದ್ದು ಸಾಲದಿದ್ದರೆ ಪಟ್ಟೆ ರಸ್ತೆಗೆ ಅಂಟುವ ಬದಲು ದೂಳಿಗೆ ಅಂಟಿ, ಹಪ್ಪಳದಂತೆ ಎದ್ದುಬರುತ್ತದೆ. ಒಣಗಿದಂತೆ ಕಾಣುವ ರಸ್ತೆಯ ಒಳಗೂ ತೇವ ಇರಬಹುದು. ಪ್ಲಾಸ್ಟಿಕ್ ಹಾಳೆಯ ಅಂಚುಗಳನ್ನು ನೆಲಕ್ಕೆ ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು, ಅಡಿಯಲ್ಲಿ ಹನಿ ಕಟ್ಟಿದೆಯೇ ಎಂದು ನೋಡುವುದನ್ನು ಹಿರಿಯರೊಬ್ಬರು ತೋರಿಸಿಕೊಟ್ಟರು. ನನಗೆ ತೀರಾ ಇಷ್ಟವಾದದ್ದು ಗಾಜಿನ ಮಣಿ ಉದುರಿಸುವ ಕೆಲಸ. ಸಕ್ಕರೆ ಹರಳಿಗಿಂತ ಚಿಕ್ಕದಾದ ಈ ಮಣಿಗಳು ವಾಹನದ ದೀಪದ ಬೆಳಕನ್ನು ಚಾಲಕನತ್ತಲೇ ಮರಳಿಸುವುದರಿಂದ ಪಟ್ಟೆ ರಾತ್ರಿ ಹೊಳೆಯುತ್ತದೆ. ಮಣಿ ಅರ್ಧಕ್ಕಿಂತ ತುಸು ಹೆಚ್ಚು ಹೂತಿರಬೇಕು. ಪಟ್ಟೆ ತೀರಾ ಬಿಸಿಯಿದ್ದರೆ ಪೂರ್ತಿ ಮುಳುಗುತ್ತದೆ, ಆರಿದ್ದರೆ ಅಂಟದೆ ಉದುರಿಹೋಗುತ್ತದೆ.

ಬಾಯ್ಲರಿನ ವಿಷಯದಲ್ಲಿ ನಮ್ಮವರು ಬಹಳ ಎಚ್ಚರ. ಕರಗಿದ ಪುಡಿ ಮೈಮೇಲೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ, ಕೀಳಬಾರದು, ತಣ್ಣೀರು ಸುರಿಯುತ್ತಿರಬೇಕು ಎಂದು ಮೊದಲ ದಿನವೇ ಹೇಳಿದ್ದರು. ಎರಡು ತಿಂಗಳು ಅದರ ಹತ್ತಿರಕ್ಕೂ ಬಿಡಲಿಲ್ಲ. ಕೆಂಪು ಬಾವುಟವನ್ನು ಮಾತ್ರ ಮೊದಲ ಬೆಳಿಗ್ಗೆಯೇ ಕೈಗೆ ಕೊಟ್ಟು, ವಾಹನಗಳು ಬರುವ ಕಡೆ ನಿಲ್ಲಿಸಿದರು. ‘ಸುಮ್ಮನೆ ಬೀಸುತ್ತಿರು’ ಎಂಬುದಷ್ಟೇ ತರಬೇತಿ.

ಹೊಸಬನಿಗೆ ಇರುವ ಕಾಯಿಲೆಯೆಂದರೆ ಕುತೂಹಲ. ಎರಡನೆಯ ವಾರ, ಯಂತ್ರ ಹೇಗೆ ತಿರುವು ತೆಗೆದುಕೊಳ್ಳುತ್ತದೆಂದು ನೋಡುತ್ತ ವಾಹನಗಳಿಗೆ ಬೆನ್ನು ಹಾಕಿ ನಿಂತೆ. ನಾಲ್ಕೈದು ಕ್ಷಣ ಇರಬಹುದು. ಗಂಟೆಗೆ 60 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ದೂರ ಬರುತ್ತದೆ ಎಂಬ ಲೆಕ್ಕವನ್ನು ನಾನು ಹಾಕಿದ್ದು ಆ ಸಂಜೆ. ಲಾರಿಯೊಂದು ಮೂರು ಕೋನ್‌ಗಳನ್ನು ಎಗರಿಸಿ, ಆರದ ಪಟ್ಟೆಯನ್ನು ಚಕ್ರದಲ್ಲಿ ಎಳೆದುಕೊಂಡು ಹೋಯಿತು. ಮಣಿ ಉದುರಿಸುತ್ತಿದ್ದವರು ಪಕ್ಕಕ್ಕೆ ಹಾರಿ ಉಳಿದರು. ಮೇಲ್ವಿಚಾರಕರು ಬೈದದ್ದು ಕೆಟ್ಟ ಪಟ್ಟೆಗಾಗಿ.

ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಬಾವುಟ ಹಿಡಿಯುವುದು ಕೈ ಬರದವನ ಕೆಲಸವೆಂದು ತೀರ್ಮಾನಿಸಿದವರು ಯಾರು? ಚಾಲಕ ನಮ್ಮನ್ನು ಕಂಡನೋ, ಮೊಬೈಲ್ ನೋಡುತ್ತಿದ್ದಾನೋ ಎಂದು ದೂರದಿಂದಲೇ ಗುರುತಿಸಲು, ಹೊತ್ತು ಮೀರುವ ಮುನ್ನ ಕೂಗಿ ತಂಡವನ್ನು ಸರಿಸಲು ಪಳಗಿದ ಕಣ್ಣು ಬೇಕು. ಹೊಸಬರು ಗುಡಿಸಲಿ, ದಾರ ಹಿಡಿದು ಸುಣ್ಣದ ಗೆರೆ ಹಾಕಲಿ, ಮೂಟೆ ಹೊರಲಿ. ಬಾವುಟ ಅನುಭವಿಗಳ ಕೈಯಲ್ಲಿರಲಿ; ಅವರ ಪಕ್ಕದಲ್ಲಿ ಕೆಲವು ವಾರ ನಿಂತು ಕಲಿತ ಮೇಲಷ್ಟೇ ಹೊಸಬರಿಗೆ ಸಿಗಲಿ. ಗುತ್ತಿಗೆಯ ಷರತ್ತುಗಳಲ್ಲಿ ಪಟ್ಟೆಯ ದಪ್ಪವನ್ನು ಮಿಲಿಮೀಟರ್ ಲೆಕ್ಕದಲ್ಲಿ ಬರೆಯುವವರು ಈ ಒಂದು ಸಾಲನ್ನೂ ಸೇರಿಸಬೇಕು.

ಮುಂದಿನ ವಾರ ನಮ್ಮ ತಂಡಕ್ಕೆ ಇನ್ನೊಬ್ಬ ಹುಡುಗ ಬರುತ್ತಾನಂತೆ. ಬಾವುಟ ಈಗ ನನ್ನ ಬಳಿಯೇ ಇದೆ.

– ರಸ್ತೆ ಪಟ್ಟೆ ಕೆಲಸಗಾರ